ಮನೆಯಲ್ಲೇ ಸ್ಪೀಕರ್ ಬಾಕ್ಸ್ ಮಾಡಬಹುದಾ?

ಡ್ರಿಲ್, ಜಿಗ್‌ಸಾ (ಕೈಯಲ್ಲಿ ಹಿಡಿಯುವ ಕರೆಂಟ್ ಗರಗಸ) ಬಿಟ್ಟರೆ ಬೇರೇನೂ ಇಲ್ಲ, ಸ್ಪೀಕರ್ ಬಾಕ್ಸ್ ನಾನೇ ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು. ಮೊದಲ ಸಲಕ್ಕೆ ಪೂರ್ತಿ ಮುಚ್ಚಿದ ಬಾಕ್ಸೇ ಇರಲಿ. ಪೋರ್ಟ್, ಅಂದರೆ ಗಾಳಿ ಆಡಲು ಕೊಳವೆ, ಇಟ್ಟರೆ ಅದರ ಉದ್ದ ತಪ್ಪಿದ ಕೂಡಲೇ ಬೇಸ್ ಹಾಳಾಗುತ್ತದೆ.

ಡೇಟಾಶೀಟ್ (ತಯಾರಕರು ಕೊಡುವ ಅಂಕಿಗಳ ಪಟ್ಟಿ) ಇರುವ ಡ್ರೈವರ್, ಅಂದರೆ ಬಾಕ್ಸಿಗೆ ಕೂರಿಸುವ ದುಂಡು ಸ್ಪೀಕರ್, ಕೊಳ್ಳಿ. ಎಷ್ಟು ಲೀಟರ್ ಬಾಕ್ಸ್ ಬೇಕು ಅನ್ನುವುದು ಅದರಲ್ಲಿನ ಅಂಕಿಗಳಿಂದಲೇ ಲೆಕ್ಕ ಸಿಗುವುದು. ಉದಾಹರಣೆಗೆ, 15 ಲೀಟರ್ ಅಂದರೆ ಒಳಗಿನ ಅಳತೆ 20×25×30 ಸೆಂ.ಮೀ. ನೆನಪಿರಲಿ, ಒಳಗಿನದು! 18 ಮಿ.ಮೀ. ಹಲಗೆಯಾದರೆ ಹೊರಗಿನ ಅಳತೆ ಸಿಗಲು ಒಳಗಿನ ಪ್ರತಿ ಅಳತೆಗೂ 3.6 ಸೆಂ.ಮೀ. ಸೇರಿಸಿ. ಇದನ್ನು ಮರೆತು ಹೊರಗಿನ ಅಳತೆಯನ್ನೇ 20×25×30 ಮಾಡಿದರೆ ಒಳಗೆ ಉಳಿಯುವುದು 9 ಲೀಟರ್ ಚಿಲ್ಲರೆ ಅಷ್ಟೇ. ನಾನೂ ಒಂದು ಸಲ ಹೀಗೆ ಒಂದು ಪ್ಲೈವುಡ್ ಶೀಟ್ ಸುಮ್ನೆ ದಂಡ ಮಾಡಿದ್ದೇನೆ.

ಹಲಗೆಯನ್ನು ಪ್ಲೈವುಡ್ ಅಂಗಡಿಯಲ್ಲೋ ಬಡಗಿಯ ಹತ್ತಿರವೋ ಮೆಷಿನ್‌ನಲ್ಲಿ ಕೊಯ್ಸಿಕೊಳ್ಳಿ. ಕೈಯಲ್ಲಿ ಕೊಯ್ದರೆ ಅಂಚು ನೇರ ಬರುವುದು ಕಷ್ಟ. ಡ್ರೈವರ್ ಕೂರುವ ದುಂಡು ತೂತಿಗೆ ನಿಮ್ಮ ಜಿಗ್‌ಸಾ ಸಾಕು. ಫೆವಿಕಾಲ್, ಸ್ಕ್ರೂ ಹಾಕಿ ಕೂಡಿಸಿ, ಒಳಗಿನ ಸಂದಿಗೆಲ್ಲ ಸಿಲಿಕಾನ್ ಬಳಿಯಿರಿ.

ಗಾಳಿ ಸೋರುತ್ತಿದೆಯಾ ನೋಡಲು 30 ಹರ್ಟ್ಸ್ ಸುತ್ತಮುತ್ತಲಿನ ಟೋನ್ (ತುಂಬಾ ತಗ್ಗಿನ, ಒಂದೇ ಸಮನೆಯ ಸದ್ದು) ಸಣ್ಣಗೆ ಹಾಕಿ, ಊದುಬತ್ತಿ ಹಚ್ಚಿ ಅಂಚಿನುದ್ದಕ್ಕೂ ಹಿಡಿಯಿರಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲಿ ಇನ್ನಷ್ಟು ಸಿಲಿಕಾನ್ ಬೇಕು.