ತುರ್ತಾಗಿ ಇಳಿದ ವಿದೇಶಿ ಯುದ್ಧವಿಮಾನಕ್ಕೂ ಕಸ್ಟಮ್ಸ್ ತಪಾಸಣೆ ಇರುತ್ತದಾ?

ಮಾಮೂಲಿ ವಿಮಾನಕ್ಕೆ ಇರುವಂತೆ ಇರುವುದಿಲ್ಲ. 2025ರ ಜೂನ್ 14ರಂದು ಬ್ರಿಟನ್ನಿನ ಎಫ್-35ಬಿ ತಿರುವನಂತಪುರದಲ್ಲಿ ಇಳಿದು, ಕೆಟ್ಟು, ಜುಲೈ 22ರವರೆಗೆ ಅಲ್ಲೇ ನಿಂತಿತ್ತಲ್ವಾ? ಸೇನಾ ವಿಮಾನ ಅಂದರೆ ಆ ದೇಶದ ಸರ್ಕಾರದ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಒಳಗೆ ಹತ್ತಿ ಹುಡುಕುವ ರೂಢಿ ಇಲ್ಲ. ಹಾಗಂತ ಸುಮ್ನೆ ಬಂದಿಳಿಯುವಂತೆಯೂ ಇಲ್ಲ, ನಮ್ಮ ಅನುಮತಿ ಬೇಕೇ ಬೇಕು.

ನಾಗರಿಕ ವಿಮಾನದ್ದು ಬೇರೆ ಕತೆ. ಹವಾಮಾನ ಕೆಟ್ಟು ಕಸ್ಟಮ್ಸ್ ಇಲ್ಲದ ಕಡೆ ಇಳಿದರೆ, 1962ರ ಕಸ್ಟಮ್ಸ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ತಕ್ಷಣ ಹತ್ತಿರದ ಕಸ್ಟಮ್ಸ್ ಅಧಿಕಾರಿಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ಕೇಳಿದರೆ ಲಾಗ್‌ಬುಕ್ ತೋರಿಸಬೇಕು. ಒಪ್ಪಿಗೆ ಸಿಗುವವರೆಗೆ ಸಾಮಾನು ಇಳಿಸುವಂತಿಲ್ಲ, ಜನ ಅಲ್ಲಿಂದ ಕದಲುವಂತಿಲ್ಲ. ಆರೋಗ್ಯ, ಸುರಕ್ಷತೆ ಅಥವಾ ಪ್ರಾಣ, ಆಸ್ತಿ ಉಳಿಸಲು ಅಗತ್ಯವಿದ್ದರೆ ಮಾತ್ರ ವಿನಾಯಿತಿ.