ಮೇ ತಿಂಗಳಲ್ಲಿ ಬಾವಿ ನೀರು ಕುಡಿದು ನೋಡಿ

ನಮಸ್ಕಾರ ಮೇಡಂ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪಾಂಡವಪುರ ತಾಲ್ಲೂಕಿನ ನಿವೃತ್ತ ಶಿಕ್ಷಕಿ ಎಂದಷ್ಟೇ ಇರಲಿ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಡಿಸೆಂಬರ್‌ನಲ್ಲಿ ಕೊಲ್ಲೂರಿಗೆ ಹೋದ ನೀವಿಬ್ಬರೂ ಕುಂದಾಪುರದಲ್ಲಿ ನಾಲ್ಕು ದಿನ ಉಳಿದಿರಿ. ನಿಮಗೆ ಆ ಪೇಟೆ ಹಿಡಿಸಿತು. ಯಜಮಾನರಿಗೆ ಹತ್ತಿರದ ಒಂದು ಕುದ್ರು ಹಿಡಿಸಿತು. ಹೊಳೆಯ ನಡುವಿನ ನೆಲಕ್ಕೆ ಆ ಕಡೆ ಕುದ್ರು ಎನ್ನುತ್ತಾರೆ. ಅಲ್ಲೊಂದು ಹೆಂಚಿನ ಮನೆ, ಸುತ್ತ ತೆಂಗು, ಮಾರಾಟಕ್ಕಿದೆ. ಸಕ್ಕರೆ ಕಾರ್ಖಾನೆಯಲ್ಲಿ 33 ವರ್ಷ ದುಡಿದ ಅವರು 'ನನಗಿನ್ನು ಸದ್ದು ಸಾಕು' ಅನ್ನುತ್ತಾರೆ. ನೀವು 'ರಾತ್ರಿ ಹೊತ್ತು ಏನಾದರೂ ಆದರೆ?' ಅನ್ನುತ್ತೀರಿ. ಮಕ್ಕಳಿಬ್ಬರೂ ದೂರ. ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಕೊನೆಗೆ 'ನೀವೇ ಹೇಳಿ, ಇಬ್ಬರೂ ಒಪ್ಪುತ್ತೇವೆ' ಎಂದು ಬರೆದಿದ್ದೀರಿ.

ಇಷ್ಟು ನಂಬಿ ಕೇಳಿದ್ದೀರಿ. ಹಾಗಾಗಿ ಎರಡು ವಾರ ಯೋಚಿಸಿ ಬರೆಯುತ್ತಿದ್ದೇನೆ. ಕುಂದಾಪುರದಲ್ಲಿ ಒಂದು ಬಾಡಿಗೆ ಮನೆ ಹಿಡಿಯಿರಿ, ಈ ಜೂನ್‌ನಿಂದ ಮುಂದಿನ ಜೂನ್‌ವರೆಗೆ. ಕುದ್ರುವಿನ ಮನೆಗೆ ಈಗಲೇ ಮುಂಗಡ ಕೊಡಬೇಡಿ. ನಿಮ್ಮೂರಿನ ಮನೆಯನ್ನಂತೂ ಮಾರಲೇಬೇಡಿ.

ಯಜಮಾನರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬಾರದು. ಕುದ್ರು ಬೇಡ ಎಂದು ನಾನು ಹೇಳುತ್ತಿಲ್ಲ. ಯಾಕೆ ತಡೆಯಿರಿ ಅಂದೆ ಅಂತ ಹೇಳುತ್ತೇನೆ.

ಮಂಡ್ಯದವರಿಗೆ ದ್ವೀಪ ಹೊಸದಲ್ಲ, ಅಲ್ವಾ? ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವೇ. ಆದರೆ ಬಸ್ಸಿನಲ್ಲಿ ದಾಟುವಾಗ ಯಾರಿಗೂ ಅದು ಹೊಳೆಯುವುದಿಲ್ಲ. ರೈಲಿದೆ, ಹೆದ್ದಾರಿಯಿದೆ. ಕೆಆರ್‌ಎಸ್‌ನಿಂದ ಲಕ್ಷ ಕ್ಯುಸೆಕ್ ದಾಟಿ ನೀರು ಬಿಟ್ಟ ದಿನ ಮಾತ್ರ ಅದು ದ್ವೀಪ ಎಂದು ನೆನಪಾಗುತ್ತದೆ. 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಮೇಲೆ ಓಡಾಟ ನಿಲ್ಲಿಸುತ್ತಾರೆ. ಆಗಲೂ ಬೇರೆ ದಾರಿ ಇರುತ್ತದೆ. ನೀವು ನೋಡಿದ ಕುದ್ರುವಿಗೆ ಇರುವುದು ಒಂದೇ ದಾರಿ. ಅದರ ಅಗಲ ಎಷ್ಟು ಎಂದು ಪತ್ರದಲ್ಲಿ ಬರೆದಿಲ್ಲ. 108 ಆಂಬುಲೆನ್ಸ್ ಮನೆ ಬಾಗಿಲಿಗೆ ಬರುತ್ತದೆಯೇ, ಅಥವಾ ಸೇತುವೆಯ ಆಚೆಗೇ ನಿಲ್ಲುತ್ತದೆಯೇ? ಕೆಲವು ಕುದ್ರುಗಳಿಗೆ ಇರುವುದು ನಡೆದು ಹೋಗುವ ಸೇತುವೆ ಮಾತ್ರ.

ಇದು ನನಗೆ ಬರೀ ಓದಿ ತಿಳಿದ ವಿಷಯವಲ್ಲ. ನಮ್ಮದು ಮೈಸೂರು. ಆದರೆ ನನ್ನ ಅಕ್ಕನನ್ನು 1978ರಲ್ಲಿ ಕುಂದಾಪುರದ ಕಡೆಯ ಒಂದು ಕುದ್ರುವಿಗೆ ಕೊಟ್ಟೆವು. ಭಾವ ಇಲ್ಲಿಗೆ ಓದಲು ಬಂದಿದ್ದವರು. ಆಗ ಅಲ್ಲಿಗೆ ಸೇತುವೆ ಇರಲಿಲ್ಲ. ಅಕ್ಕನನ್ನು ಬಿಟ್ಟು ಬರುವ ದಿನ ನಮ್ಮಮ್ಮ ದೋಣಿಯಲ್ಲಿ ಕೂತು ದಡ ಸೇರುವವರೆಗೂ ಅತ್ತಳು.

ಸೇತುವೆ ಬರುವ ಮೊದಲೇ ನಡೆದದ್ದು ಹೇಳುತ್ತೇನೆ. ಒಂದು ಜುಲೈ ರಾತ್ರಿ ಭಾವನಿಗೆ ಎದೆನೋವು ಬಂತು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಕ್ಕ ಅಂಗಳಕ್ಕೆ ಬಂದು ಕೂಗಿದಳು, ಅಷ್ಟೇ. ಸುತ್ತಲ ಮನೆಗಳಿಂದ ನಾಲ್ಕು ಜನ ಬಂದರು. ಭಾವನನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ದೋಣಿಗೆ ಇಟ್ಟರು. ಮಳೆಯಲ್ಲೇ ಹುಟ್ಟು ಹಾಕಿದರು. ಆಚೆ ದಡದಲ್ಲಿ ಅಂಗಡಿಯವರನ್ನು ಎಬ್ಬಿಸಿ ಜೀಪು ತರಿಸಿದರು. ಭಾವ ಮತ್ತೆ 11 ವರ್ಷ ಬದುಕಿದರು.

ನಾನು ಆ ನಾಲ್ವರಿಗೆ ಕೈಮುಗಿಯಲು ಹೋದಾಗ ಅಕ್ಕ ಒಂದು ಮಾತು ಹೇಳಿದಳು. 'ಇವರ ಮನೆಯ ಮೂರು ಬಾಣಂತನ ನಾನು ಮಾಡಿದೀನಿ ಕಣೋ.' ಅವಳ ಒಂದು ಕೂಗಿಗೆ ಅಷ್ಟು ವರ್ಷದ ಒಡನಾಟ ಇತ್ತು ಮೇಡಂ. ಭಾವ ಹೋದ ಮೇಲೂ ಅವಳು ಕುದ್ರು ಬಿಟ್ಟು ಬಂದಿಲ್ಲ. ಬಾ ಎಂದು ನಾವು ಕರೆಯುವುದನ್ನೂ ಈಗ ನಿಲ್ಲಿಸಿದ್ದೇವೆ.

ನೀವು ಹೋಗುತ್ತಿರುವುದು ಅರವತ್ತು ದಾಟಿದ ಮೇಲೆ. ಅಲ್ಲಿನ ಜನ ಒಳ್ಳೆಯವರು, ನೀವು ಕೂಗಿದರೂ ಬಂದಾರು. ಆದರೆ ಯಾರ ಹೆಸರು ಹಿಡಿದು ಕೂಗಬೇಕು ಎಂದು ನಿಮಗೆ ಗೊತ್ತಿರಬೇಕಲ್ಲ? ಅದು ರಿಜಿಸ್ಟ್ರಿ ಆಫೀಸಿನಲ್ಲಿ ಪತ್ರದ ಜೊತೆ ಸಿಗುವುದಿಲ್ಲ. ಅದಕ್ಕೇ ಮೊದಲು ಪೇಟೆಯಲ್ಲಿದ್ದು, ಅಲ್ಲಿಂದ ಕುದ್ರುವಿಗೆ ಹೋಗಿ ಬಂದು, ನಾಲ್ಕು ಮನೆಯ ಬಳಕೆ ಮಾಡಿಕೊಳ್ಳಿ ಅನ್ನುವುದು.

ಇನ್ನು ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಡಿಸೆಂಬರ್‌ನಲ್ಲಿ ನೀವು ಆ ಮನೆಯ ಬಾವಿ ನೀರು ಕುಡಿದು 'ಸಿಹಿಯಾಗಿತ್ತು' ಎಂದು ಬರೆದಿದ್ದೀರಿ. ಮಳೆಗಾಲ ಕಳೆದ ಹೊಸತು, ಸಿಹಿಯಾಗಿಯೇ ಇರುತ್ತದೆ. ಕುದ್ರುವಿನ ನೆಲದೊಳಗೆ ಮಳೆಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಕಡಿಮೆಯಾಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಸಮುದ್ರದ ನೀರು ಹೊಳೆಯಲ್ಲಿ ಮೇಲಕ್ಕೆ ನುಗ್ಗುತ್ತದೆ. ಮೇಲಿನ ಸಿಹಿನೀರನ್ನು ಪಂಪು ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇಳುತ್ತದೆ. ನಮ್ಮ ಕಡೆಯವರಿಗೆ ನೀರು ಸಾಲದಿದ್ದರೆ ಬೋರ್‌ವೆಲ್ ಕೊರೆಸುವುದು ಅಭ್ಯಾಸ. ಅಲ್ಲಿ ಹಾಗೆ ಆಳಕ್ಕೆ ಹೋದರೆ ಉಪ್ಪಿನ ಕಡೆಗೇ ಹೋದ ಹಾಗೆ. ನನ್ನ ಅಕ್ಕ ಎಷ್ಟೋ ಬೇಸಿಗೆ ಆಚೆ ದಡದಿಂದ ಕೊಡದಲ್ಲಿ ಕುಡಿಯುವ ನೀರು ತಂದಿದ್ದಾಳೆ. ಎದುರಿಗೆ ಹೊಳೆ ತುಂಬ ನೀರು, ಅನ್ನಕ್ಕೆ ಇಡಲು ಒಂದು ಚೊಂಬು ಇಲ್ಲ. ಹಾಗಾಗಿ ಮೇ ಕೊನೆಯಲ್ಲಿ, ಮಳೆ ಶುರುವಾಗುವ ಮೊದಲು ಹೋಗಿ ಆ ಬಾವಿ ನೀರನ್ನು ಇನ್ನೊಮ್ಮೆ ಕುಡಿದು ನೋಡಿ.

ಮಳೆಯೂ ಹಾಗೆಯೇ. ಮಂಡ್ಯದಲ್ಲಿ ವರ್ಷಕ್ಕೆ ಬೀಳುವುದು 700 ಮಿ.ಮೀ. ಆಸುಪಾಸು. ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಕಿಟಕಿಯ ಕಂಬಿ ತುಕ್ಕು ತಿನ್ನುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮೀನುಪೇಟೆಯ ಗದ್ದಲವೂ ಇಳಿದು ಊರೇ ಬೇರೆ ಥರ ಕಾಣುತ್ತದೆ. ನೀವು ನೋಡಿದ ಡಿಸೆಂಬರಿನ ಊರಿನ ಇನ್ನೊಂದು ಮುಖ ಅದು. ಮಕ್ಕಳು ಓಡಿ ಬರಬೇಕೆಂದರೂ ನಡುವೆ ಘಟ್ಟ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು, ನೆನಪಿದೆಯಲ್ಲ.

ಕಾಗದಪತ್ರದ ಬಗ್ಗೆ ಒಂದೇ ಮಾತು. ದಂಡೆಯಲ್ಲಿ ಮನೆ ಕಟ್ಟುವುದಕ್ಕೆ ಮಿತಿ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಕಡಲ ದಂಡೆಗೆ ಮಾತ್ರ ಅಲ್ಲ, ಉಬ್ಬರದ ನೀರು ಬರುವಷ್ಟು ದೂರ ಹೊಳೆಯ ದಂಡೆಗೂ ಇದೆ. ಹಳೇ ಮನೆಗೆ ಒಂದು ಕೋಣೆ ಸೇರಿಸುತ್ತೇವೆ ಎಂದುಕೊಂಡಿದ್ದರೆ, ಸರ್ವೆ ನಂಬರ್ ಸಿಆರ್‌ಝಡ್ ನಕ್ಷೆಯಲ್ಲಿ ಎಲ್ಲಿ ಬರುತ್ತದೆ ಎಂದು ಮೊದಲು ನೋಡಿಸಿ.

ಪೇಟೆಯ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ, ನೀವೇ ಚೆನ್ನಾಗಿ ಬರೆದಿದ್ದೀರಿ. ಬಸ್ಸಿದೆ, ರೈಲಿದೆ, ತಾಲ್ಲೂಕು ಆಸ್ಪತ್ರೆಯಿದೆ, ದೊಡ್ಡ ಕಾಯಿಲೆಗೆ ಮಣಿಪಾಲ ಸುಮಾರು 40 ಕಿ.ಮೀ. ಇನ್ನೊಂದು ಅನುಕೂಲ, ನೀವು ಗಮನಿಸಿರಲಿಕ್ಕಿಲ್ಲ. ಉಡುಪಿಯಲ್ಲಾದರೆ ಅಕ್ಕಪಕ್ಕದವರ ಮಾತಿಗೆ ಸೇರಲು ತುಳು ಬೇಕಾಗುತ್ತದೆ. ಕುಂದಾಪುರದ್ದು ಕನ್ನಡ. 'ಹ್ವಾಯ್' ಎಂದು ಕರೆದರೆ ನಿಮಗೆ ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ನಿಮ್ಮ ಮಂಡ್ಯದ ಮಾತು ಅವರಿಗೂ ಅಷ್ಟೇ.

ಈಗ ಯಜಮಾನರಿಗೆ ನೇರವಾಗಿ ಎರಡು ಮಾತು. ಸ್ವಾಮಿ, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಹಗಲು ರಾತ್ರಿ ಆ ಸದ್ದಿನೊಳಗೆ ನಿಂತವರಿಗೆ ಹೊಳೆಯ ನಡುವೆ ಕೂರಬೇಕು ಅನ್ನಿಸುವುದು ಸಹಜ. ಆದರೆ ಕುದ್ರುವಿನ ಜನ ಯಾರೂ ಸುಮ್ನೆ ಕೂತಿರುವುದಿಲ್ಲ. ಇಳಿತದ ಹೊತ್ತಿಗೆ ಹೊಳೆಗಿಳಿದು ಚಿಪ್ಪು ಹೆಕ್ಕುತ್ತಾರೆ, ಬಲೆ ಬಿಡುತ್ತಾರೆ, ತೆಂಗಿನ ಬುಡಕ್ಕೆ ಮಣ್ಣು ಕೊಡುತ್ತಾರೆ. ಇಳಿತ ದಿನಾ ಮುಕ್ಕಾಲು ಗಂಟೆಗೂ ಜಾಸ್ತಿ ಮುಂದಕ್ಕೆ ಹೋಗುತ್ತದೆ, ಅದರ ಹಿಂದೆಯೇ ಅವರ ದಿನವೂ ಹೋಗುತ್ತದೆ. ಕೆಲಸವಿದ್ದವರಿಗೆ ಆ ನಿಶ್ಶಬ್ದ ಹಿತ. ಕೈಯಲ್ಲಿ ಏನೂ ಇಲ್ಲದವರಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಅದೇ ಭಾರ. ಕುಂದಾಪುರದಲ್ಲಿದ್ದುಕೊಂಡು ವಾರಕ್ಕೆ ಮೂರು ದಿನ ಕುದ್ರುವಿಗೆ ಹೋಗಿ. ಬಲೆ ಹೆಣೆಯುವವರ ಪಕ್ಕ ಕೂತು ಕಲಿಯಿರಿ. ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟವಿದೆ, ಅದನ್ನು ನೋಡಿ. ಕಾರ್ಖಾನೆಯ ಯಂತ್ರ ಬಲ್ಲ ಕೈಗೆ ಅಲ್ಲಿ ಏನಾದರೂ ಕೆಲಸ ಸಿಕ್ಕೇ ಸಿಗುತ್ತದೆ, ಪಂಪು ರಿಪೇರಿಯಾದರೂ ಸರಿ. ಒಂದು ವರ್ಷದ ನಂತರವೂ ಮನಸ್ಸು ಅಲ್ಲೇ ಇದ್ದರೆ, ಮೇಡಂ ಕೂಡ ಹೂಂ ಅಂದರೆ, ಆಗ ಮನೆ ನೋಡಿ. ಈ ಮನೆ ಅಷ್ಟರಲ್ಲಿ ಬೇರೆಯವರ ಪಾಲಾದರೆ ಆಗಲಿ ಬಿಡಿ.

ಮೇಡಂ, ಮೇ ಕೊನೆಗೆ ಹೊರಡುವುದು ಗಟ್ಟಿಯಾದರೆ ಒಂದು ಕಾಗದ ಹಾಕಿ. ಅಕ್ಕನಿಗೆ ನಿಮ್ಮ ವಿಷಯ ಹೇಳಿದ್ದೇನೆ. ಬಾವಿ ನೀರು ನೋಡಲು ತಾನೂ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಇಷ್ಟು ವರ್ಷ ಕುಚ್ಚಲಕ್ಕಿ ಅನ್ನ ಉಂಡರೂ ಅವಳಿಗೆ ಮುದ್ದೆಯ ಆಸೆ ಹೋಗಿಲ್ಲ. ಹೊರಡುವಾಗ ಎರಡು ಕೆ.ಜಿ. ರಾಗಿ ಹಿಟ್ಟು ಜಾಸ್ತಿ ಕಟ್ಟಿಕೊಳ್ಳಿ.

ನಿಮ್ಮ,
ಸಂಪಾದಕ
ಮೈಸೂರು