ಸ್ಟಾರ್ಟರ್ ಕಚ್ಚಿಕೊಂಡ ಪಂಪ್‌ಸೆಟ್ಟು

ಪ್ರಶ್ನೆ: ನಮ್ಮ ಆಯಿಗೆ 61 ವರ್ಷ. ಬೀಡಿ, ಸಿಗರೇಟು ಹಾಗಿರಲಿ, ಕವಳ ಕೂಡ ಹಾಕಿದವರಲ್ಲ. ಕೆಮ್ಮಿಗೆಂದು ನಾಲ್ಕು ತಿಂಗಳು ಕ್ಷಯದ ಮಾತ್ರೆ ನುಂಗಿದರು. ಕಡೆಗೆ ಬಯಾಪ್ಸಿ ಮಾಡಿಸಿದಾಗ ಶ್ವಾಸಕೋಶದ ಅಡಿನೋಕಾರ್ಸಿನೋಮಾ ಎಂಬ ಕ್ಯಾನ್ಸರ್, ನಾಲ್ಕನೇ ಹಂತ ಎಂದಾಯಿತು. ವರದಿಯಲ್ಲಿ ‘ಇಜಿಎಫ್‌ಆರ್ ಪಾಸಿಟಿವ್, ಎಕ್ಸಾನ್ 19 ಡಿಲೀಷನ್’ ಎಂದಿದೆ. ಕಿಮೋ ಬೇಡ, ದಿನಕ್ಕೊಂದು ಜೆಫಿಟಿನಿಬ್ ಮಾತ್ರೆ ಸಾಕು ಎಂದರು. ಆಸೆ ಇಲ್ಲವೆಂದು ಕೈಬಿಟ್ಟರೇ? ಇದು ನಮಗೂ ಬರುತ್ತದೆಯೇ? ಆಯಿ ಈಗ ಸೇವಿಸುತ್ತಿರುವ ಔಷಧಗಳ ಪಟ್ಟಿ ಜೊತೆಗಿದೆ.
– ಓದುಗರು, ಶಿರಸಿ

ಉತ್ತರ: ಕೈಬಿಟ್ಟಿಲ್ಲ. ನಿಮ್ಮನ್ನು ಹೆದರಿಸಿದ ಆ ‘ಪಾಸಿಟಿವ್’ ಎಂಬ ಪದವೇ ಇಡೀ ವರದಿಯಲ್ಲಿರುವ ಒಳ್ಳೆಯ ಸುದ್ದಿ.

ಇಜಿಎಫ್‌ಆರ್ ಎಂಬುದು ಜೀವಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕ, ಅಂದರೆ ಹೊರಗಿನ ಸಂದೇಶ ಹಿಡಿಯುವ ಪ್ರೋಟೀನು. ಹೊರತುದಿಗೆ ಬೆಳೆಯಬೇಕೆಂಬ ಸಂದೇಶ ಬಂದು ಅಂಟಿದರೆ ಒಳತುದಿಯ ಕಿಣ್ವ ಎಚ್ಚರಗೊಳ್ಳುತ್ತದೆ. ಜೀವಕೋಶದ ಇಂಧನವಾದ ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸುವುದು ಅದರ ಕೆಲಸ; ಹಾಗಾಗಿ ಟೈರೋಸಿನ್ ಕೈನೇಸ್ ಎಂದು ಹೆಸರು. ಆ ಗುರುತು ಬಿದ್ದೊಡನೆ ರಾಸ್, ರಾಫ್, ಮೆಕ್, ಅರ್ಕ್ ಎಂಬ ಪ್ರೋಟೀನುಗಳ ಸಾಲಿನಲ್ಲಿ ಒಂದರಿಂದೊಂದಕ್ಕೆ ಸುದ್ದಿ ದಾಟಿ, ಎರಡಾಗು ಎಂಬ ಆಜ್ಞೆ ಕೋಶಕೇಂದ್ರವನ್ನು ಮುಟ್ಟುತ್ತದೆ. ಸಂದೇಶ ನಿಂತರೆ ಕಿಣ್ವವೂ ಸುಮ್ಮನಾಗಬೇಕು.

ನಿಮ್ಮ ಆಯಿಯ ಗೆಡ್ಡೆಯಲ್ಲಿ ಅದು ಸುಮ್ಮನಾಗುತ್ತಿಲ್ಲ. ಸುಮಾರು 1,200 ಅಮೈನೋ ಆಮ್ಲಗಳೆಂಬ ಮಣಿಗಳ ಸರದಂತಿರುವ ಈ ಪ್ರೋಟೀನಿನಲ್ಲಿ, ಎಕ್ಸಾನ್ 19 ಡಿಲೀಷನ್ ಆದಾಗ, ಅಂದರೆ ಜೀನಿನ 19ನೇ ತುಣುಕಿನಲ್ಲಿ ಒಂದಿಷ್ಟು ಅಳಿಸಿಹೋದಾಗ, ಸಾಮಾನ್ಯವಾಗಿ ಐದೇ ಮಣಿ ಉದುರಿರುತ್ತವೆ. ಅಷ್ಟಕ್ಕೇ ಸ್ಟಾರ್ಟರಿನ ಹಸಿರು ಗುಂಡಿ ಒಳಗೇ ಕಚ್ಚಿಕೊಳ್ಳುತ್ತದೆ. ತೋಟಕ್ಕೆ ನೀರು ಸಾಕಾದರೂ ಪಂಪು ಓಡುತ್ತಲೇ ಇರುತ್ತದೆ. ಜೆಫಿಟಿನಿಬ್ ಮಾಡುವುದಿಷ್ಟೆ: ಎಟಿಪಿ ಬಂದು ಕೂರುವ ಗೂಡಿನಲ್ಲಿ ತಾನು ಕೂತು ಕರೆಂಟು ತಪ್ಪಿಸುತ್ತದೆ.

ತಮಾಷೆಯೆಂದರೆ ಇಲ್ಲಿ ಮದ್ದು ಮೊದಲು ಬಂತು, ಕಾರಣ ಆಮೇಲೆ ತಿಳಿಯಿತು. ಜಪಾನಿನಲ್ಲಿ 2002ರಲ್ಲೇ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿತ್ತು. ಹೆಚ್ಚಿನವರಿಗೆ ಗುಣ ಕಾಣಲಿಲ್ಲ. ಕೆಲವರ ಗೆಡ್ಡೆ ಮಾತ್ರ ವಾರಗಳಲ್ಲಿ ಕರಗಿತು. ಆ ಕೆಲವರಲ್ಲಿ ಧೂಮಪಾನ ಮಾಡದ ಹೆಂಗಸರೇ ಹೆಚ್ಚು. ಗುಟ್ಟು ರಟ್ಟಾದದ್ದು 2004ರಲ್ಲಿ, ಬಾಸ್ಟನ್ನಿನ ಎರಡು ತಂಡಗಳು ಅಂಥವರ ಗೆಡ್ಡೆಯ ಜೀನನ್ನು ಓದಿದಾಗ. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮಾ ಬಂದ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇಜಿಎಫ್‌ಆರ್ ಜೀನಿನಲ್ಲಿ ಇಂಥ ಬದಲಾವಣೆ ಇರುತ್ತದೆ. ಬೀಡಿ ಸೇದುವವರಲ್ಲಿ ಹಲವು ಸಲ ಕೆಡುವುದು ಇದೇ ಸಾಲಿನ ಮುಂದಿನ ಕಿಣ್ವ, ರಾಸ್‌ನ ಒಂದು ಬಗೆಯಾದ ಕೆ-ರಾಸ್. ಅದರ ಕತೆ ಬೇರೆ.

ಮಕ್ಕಳಿಗೆ ಬರುವ ಭಯ ಬೇಡ. ಮಣಿ ಉದುರಿದ್ದು ಶ್ವಾಸಕೋಶದ ಯಾವುದೋ ಕೋಶದಲ್ಲಿ, ಆಯಿ ನಿಮಗೆ ಕೊಟ್ಟ ಜೀನಿನಲ್ಲಲ್ಲ.

ಮೊದಲ ಕೆಲವು ವಾರಗಳಲ್ಲಿ ಮುಖಕ್ಕೆ ಮೊಡವೆಯಂಥ ಗುಳ್ಳೆ ಏಳಬಹುದು, ಭೇದಿಯಾಗಬಹುದು. ಇದೇ ಕಿಣ್ವ ಚರ್ಮದಲ್ಲೂ ಕರುಳಲ್ಲೂ ಇದೆ, ಅದಕ್ಕೆ. ಉಷ್ಣವಾಯಿತೆಂದು ಮಾತ್ರೆ ಬಿಡಿಸಿ ಎಳನೀರು ಕುಡಿಸಿದ ಮನೆಯವರನ್ನು ಹೊರರೋಗಿ ವಿಭಾಗದಲ್ಲಿ ಎಷ್ಟು ಸಲ ಬೈದಿದ್ದೇನೋ. ವೈದ್ಯರಿಗೆ ತೋರಿಸಿ, ನೀವಾಗಿ ನಿಲ್ಲಿಸಬೇಡಿ. ಆದರೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದು ಬೇರೆ ಮಾತು. ಶ್ವಾಸಕೋಶವೇ ಉರಿಯೂತದಿಂದ ಊದಿಕೊಂಡಿರಬಹುದು, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಸುಳ್ಳು ಧೈರ್ಯ ಹೇಳುವುದು ನನ್ನ ಸ್ವಭಾವವಲ್ಲ. ಈ ಮಾತ್ರೆ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಒಂದು ವರ್ಷದ ಆಸುಪಾಸಿನಲ್ಲಿ ಗೆಡ್ಡೆ ಉಪಾಯ ಹುಡುಕಿಕೊಳ್ಳುತ್ತದೆ: ಸುಮಾರು ಅರ್ಧದಷ್ಟು ರೋಗಿಗಳಲ್ಲಿ 790ನೇ ಮಣಿ ಬದಲಾಗಿ, ಔಷಧ ಇದ್ದರೂ ಎಟಿಪಿ ನುಗ್ಗಿ ಕೂರುತ್ತದೆ. ಅದಕ್ಕೆಂದೇ ಮಾಡಿದ ಮಾತ್ರೆ ಒಸಿಮೆರ್ಟಿನಿಬ್. ಅದನ್ನೇ ಮೊದಲಿನಿಂದ ಕೊಟ್ಟವರಲ್ಲಿ ರೋಗ ಹತೋಟಿಯಲ್ಲಿದ್ದ ಮಧ್ಯಮ ಅವಧಿ 18.9 ತಿಂಗಳು, ಹಳೆಯ ಮಾತ್ರೆಗಳಲ್ಲಿ 10.2. ಬೆಲೆ ಮಾತ್ರ ಬಹಳ ದುಬಾರಿ. ನಮಗೆ ಎಟುಕುತ್ತದೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ರೋಗ ಮರುಕಳಿಸಿದರೆ ಮತ್ತೊಮ್ಮೆ ಜೀನ್ ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ರಕ್ತದಲ್ಲೇ ಗೊತ್ತಾಗುತ್ತದೆ.

ಇನ್ನು ನೀವು ಕಳಿಸಿದ ಪಟ್ಟಿ. ಅದರಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಇದೆ. ಹೊಟ್ಟೆಯಲ್ಲಿ ಹುಳಿ ಕಡಿಮೆಯಾದರೆ ಜೆಫಿಟಿನಿಬ್ ಸರಿಯಾಗಿ ಕರಗಿ ರಕ್ತಕ್ಕೆ ಸೇರುವುದಿಲ್ಲ. ಗ್ಯಾಸಿನ ಮಾತ್ರೆಯನ್ನು ಔಷಧವೆಂದೇ ಎಣಿಸದವರು ಬಹಳ, ವೈದ್ಯರ ಮುಂದೆ ಹೇಳುವುದೂ ಇಲ್ಲ. ಮುಂದಿನ ಭೇಟಿಗೆ ಹೋಗುವಾಗ ಆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಚೀಲದಲ್ಲಿ ಹಾಕಿಕೊಳ್ಳಿ.